ಸರ್ ಸಾಕಿದ ಕುರ್ಚಿ

ನನ್ನನ್ನು ಕಚ್ಚಿಸಲೆಂದೇ ನಮ್ಮ ಮೆಂಟರ್ ಸರ್ ಒಂದು ಕುರ್ಚಿ ಸಾಕಿದ್ದಾರೆ! ನಾಯಿ ಸಾಕಿದವರನ್ನು ಕಂಡಿದ್ದೇನೆ, ಕುರಿ ಸಾಕುವವರ ಮನೆಯಲ್ಲೇ ಹುಟ್ಟಿದ್ದೇನೆ. ಕುರ್ಚಿ ಸಾಕುವವರನ್ನು ಕಂಡದ್ದು ಮಾತ್ರ ನಮ್ಮೂರು ಮುಚ್ಚಂಡಿಯಿಂದ ಜತ್ತದ ಕಾಲೇಜಿಗೆ ಬಂದ ಮೇಲೆಯೇ.

ನಮ್ಮ ಕಾಲೇಜಿನಲ್ಲಿ ಪ್ರತಿ ವಿದ್ಯಾರ್ಥಿಯನ್ನೂ ಒಬ್ಬ ಮಾಸ್ತರರ ಕೊರಳಿಗೆ ಕಟ್ಟುತ್ತಾರೆ. ಅವರೇ ಮೆಂಟರ್. ವಾರಕ್ಕೊಮ್ಮೆ ಹೋಗಿ ಕಷ್ಟಸುಖ ಹೇಳಿಕೊಳ್ಳಬೇಕು. ಗೆಳೆಯರ ಮೆಂಟರುಗಳು ಚಹಾ ಕುಡಿಸಿ, "ಚಲೋ ಅಭ್ಯಾಸ ಮಾಡ್ರಿ" ಎಂದು ಎರಡೇ ನಿಮಿಷದಲ್ಲಿ ಬಿಟ್ಟು ಕಳಿಸುತ್ತಾರೆ. ನನ್ನ ಪಾಲಿಗೆ ಬಂದವರು ಸಸ್ಯಶಾಸ್ತ್ರದ ಸರ್. ಅವರ ಬಲಕ್ಕೆ ಮೆತ್ತನೆ ಗಾದಿಯ ಕುರ್ಚಿ, ಎಡಕ್ಕೆ ಬೆತ್ತ ಹರಿದು ಒಂದು ಕಾಲು ಮೋಟಾದ ಕುರ್ಚಿ. ಪ್ರಿನ್ಸಿಪಾಲರು ಬಂದರೆ ಗಾದಿ. ಪುಸ್ತಕ ಮಾರುವವನು ಬಂದರೂ ಗಾದಿ! ನಾನು ಬಂದರೆ?

"ಇಕಾಡಿ ಬಾ. ಇಲ್ಲಿ ಕುಂದ್ರು."

ಕೂತರೆ ಹರಿದ ಬೆತ್ತ ತೊಡೆ ಹಿಡಿಯುತ್ತದೆ. ಎದ್ದರೆ ಪ್ಯಾಂಟು ಹಿಡಿಯುತ್ತದೆ.

"ಸರ್, ಆ ಕುರ್ಚಿ ಖಾಲಿ ಐತಲ್ರಿ?"

"ಅದು ದೊಡ್ಡ ಮಂದಿಗಿ."

"ನಾವೇನ್ ಸಣ್ಣ ಮಂದೀನ್ರಿ?"

"ಲಗೂನ ಹೇಳು, ಏನ್ ಬಂದಿ?"

ನೋಡಿ, ಇದು ನ್ಯಾಯವೇ? ಮೂರು ವರ್ಷ ಸಹಿಸಿದೆ! ಸೇಡು ತೀರಿಸಿಕೊಳ್ಳಲು ನನ್ನ ಬಳಿ ಇದ್ದದ್ದು ಒಂದೇ ಆಯುಧ, ಅಣಕು. ಪ್ರಿನ್ಸಿಪಾಲರ ಕೆಮ್ಮು, ಮಂದಿಯನ್ನು ಮುಂದೆ ಸರಿಸುವ ನಮ್ಮ ಬಸ್ಸಿನ ಕಂಡಕ್ಟರನ ಮರಾಠಿ "ಪುಢೇ ಸರಕಾ", ಅಪ್ಪನ ಮುಂದೆ ತಪ್ಪು ಒಪ್ಪಿಕೊಳ್ಳುವಾಗಿನ ನನ್ನದೇ ಸತ್ತ ದನಿ, ಎಲ್ಲವೂ ನನ್ನ ಗಂಟಲಲ್ಲಿವೆ. ಎಲ್ಲಕ್ಕಿಂತ ಹೆಚ್ಚು ನಗೆ ತರುವುದು ನಮ್ಮ ಸರ್. ಯಾರಾದರೂ ಪ್ರಶ್ನೆ ಕೇಳಿದರೆ ಅವರು ಕತ್ತು ಓರೆ ಮಾಡುತ್ತಾರೆ, ತೆಂಗಿನಕಾಯಿ ಅಲ್ಲಾಡಿಸಿ ಒಳಗೆ ನೀರಿದೆಯೇ ಎಂದು ಕೇಳುವವರಂತೆ! ಅವರು ಬೋರ್ಡಿನ ಕಡೆ ತಿರುಗಿದ್ದೇ ತಡ, ನನ್ನ ಕತ್ತೂ ಓರೆ. ಇಡೀ ವರ್ಗ ಬಿದ್ದು ಬಿದ್ದು ನಗುತ್ತಿತ್ತು.

ಈ ವರ್ಷ ಯುವ ಮಹೋತ್ಸವದ ಅಣಕು ಸ್ಪರ್ಧೆಗೆ ಹೆಸರು ಕೊಡಬೇಕೆಂದುಕೊಂಡೆ. ಕೊನೆಯ ವರ್ಷ, ಕೊನೆಯ ಅವಕಾಶ. "ಕುರಿಗತೆ ಒದರಾಕ ಕಾಲೇಜಿಗಿ ಕಳ್ಸೀನೇನು?" ಎನ್ನುವ ಅಪ್ಪನಿಗೆ, ನೋಡಪ್ಪಾ, ಈ ಒದರುವುದಕ್ಕೂ ಒಂದು ಮರ್ಯಾದೆ ಇದೆ ಎಂದು ತೋರಿಸಬೇಕಿತ್ತು. ಅರ್ಜಿ ಕೊಡಲು ಶನಿವಾರವೇ ಕಡೆಯ ದಿನ. ಅದಕ್ಕೆ ಮೆಂಟರ್ ಸಹಿ ಬೇಕೇ ಬೇಕು.

ಸೋಮವಾರ ಹೋಗಿ ಅರ್ಜಿ ಚಾಚಿದೆ. ಕುರ್ಚಿ ಕಚ್ಚಿತು.

"ಮಾಡಿ ತೋರ್ಸು," ಎಂದರು ಸರ್.

ಕಂಡಕ್ಟರನನ್ನು ಮಾಡಿದೆ.

"ಬಾಯಿ ಅಷ್ಟ ಬಂತು. ಕಾಲು ಎಲ್ಲಿ ಹೋದವು? ಓಡೋ ಬಸ್ಸಿನ್ಯಾಗ ಅಂವ ಕಾಲು ಹ್ಯಾಂಗ ಊರ್ತಾನ?"

ಕಂಡಕ್ಟರನ ಕಾಲು ಯಾರು ನೋಡುತ್ತಾರೆ ಸ್ವಾಮಿ? ಎಲೆಯ ನರ ಎಣಿಸುವವರಿಗೆ ಸಹಿ ಮಾಡುವ ಅಧಿಕಾರ ಕೊಟ್ಟವರು ಯಾರು? ಆದರೂ ಎರಡು ದಿನ ಬಸ್ಸಿನಲ್ಲಿ ತಲೆ ತಗ್ಗಿಸಿ ಅವನ ಪಾದಗಳನ್ನೇ ನೋಡಿದೆ. ಕೊನೆಗೆ ಅವನೇ ರೇಗಿದ.

"ಏ ತಮ್ಮಾ, ನನ್ನ ಚಪ್ಪಲಿ ಮ್ಯಾಲ ಯಾಕ ಕಣ್ಣಿಟ್ಟಿ?"

ಬುಧವಾರ ಕಾಲಿನ ಸಮೇತ ಕಂಡಕ್ಟರನನ್ನು ಮಾಡಿ ತೋರಿಸಿದೆ. ಸರ್ ತಲೆದೂಗಿದರು. ನಾನು ಪೆನ್ನಿನ ಮುಚ್ಚಳ ತೆಗೆದು ಕೊಡುವಷ್ಟರಲ್ಲಿ, "ಈಗ ನನ್ನ ಮಾಡು," ಎಂದರು.

ಹೆದರುತ್ತಲೇ ತೆಂಗಿನಕಾಯಿಯ ಕತ್ತು ಮಾಡಿದೆ. ಅವರು ನಗಲೂ ಇಲ್ಲ, ಸಿಟ್ಟಿಗೇಳಲೂ ಇಲ್ಲ.

"ಕತ್ತು ಯಾಕ ಓರೆ ಆಗತೈತಿ?"

"ಗೊತ್ತಿಲ್ರಿ."

"ಮೂರು ವರ್ಷದಿಂದ ಮಾಡಾಕತ್ತಿ, ಗೊತ್ತಿಲ್ಲ? ಗೊತ್ತಾದಮ್ಯಾಲ ಬಾ." ಅರ್ಜಿ ನನ್ನ ಕೈಗೇ ಮರಳಿತು.

ಅಂದರೆ ಮೂರು ವರ್ಷವೂ ನೋಡಿದ್ದಾರೆ! ಗೊತ್ತಿದ್ದೂ ಸುಮ್ಮನಿದ್ದು, ಕಡೆಯ ವಾರದಲ್ಲಿ ಹಿಡಿದಿದ್ದಾರೆ! ಇದಕ್ಕಿಂತ ಎರಡು ಬಾರಿಸಿದ್ದರೆ ನೋವು ಕಡಿಮೆಯಾಗುತ್ತಿತ್ತು.

ಶುಕ್ರವಾರ ಅವರ ಬಾಗಿಲ ಹೊರಗೆ ಕಳ್ಳನಂತೆ ನಿಂತೆ. ಒಳಗೆ ಗಾದಿಯ ಮೇಲೆ ಪ್ರಿನ್ಸಿಪಾಲರು.

"ವರದಿ ಮುಗದೈತೇನ್ರಿ?"

"ಹೂಂ ರಿ."

"ಹೋದ ವಾರಾನೂ ಹೂಂ ಅಂದಿದ್ರಿ!"

"ಹೂಂ ರಿ."

"ಹಂಗಾರ ಎಲ್ಲೈತ್ರಿ?"

"ಹೂಂ ರಿ."

ಪ್ರಿನ್ಸಿಪಾಲರು ಹಣೆ ಚಚ್ಚಿಕೊಂಡು ಹೊರಟರು. ನಾನು ಬಾಯಿಗೆ ಕೈ ಒತ್ತಿಕೊಂಡು ನಗುತ್ತಿದ್ದೆ. ಅಷ್ಟರಲ್ಲಿ ಮೊದಲ ವರ್ಷದ ಹುಡುಗಿಯೊಬ್ಬಳು ಬಂದು ಆ ಹರಿದ ಕುರ್ಚಿಯಲ್ಲಿ ಕೂತಳು. ತಲೆ ತಗ್ಗಿಸಿ ಏನೋ ಪಿಸುಗುಟ್ಟಿದಳು. ಬಾಗಿಲಲ್ಲಿದ್ದ ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಸರ್ ಕತ್ತು ಓರೆ ಮಾಡಿದರು, ಎಡಗಿವಿ ಅವಳ ಕಡೆ.

"ಸನಮಡಿ ಬಸ್ ತಡಾ ಆದ್ರ ಅಳೂದ್ಯಾಕವ್ವಾ? ಪ್ರಾಕ್ಟಿಕಲ್ ಮಧ್ಯಾಹ್ನ ಮಾಡಕೊ. ನಾ ಇರ್ತೀನಿ."

ನನ್ನ ನಗು ಅಲ್ಲೇ ನಿಂತಿತು. ಅವರ ಬಲಗಿವಿ ಕೇಳುವುದಿಲ್ಲ. ಕೇಳುವ ಕಿವಿ ಒಂದೇ. ಅದರ ಪಕ್ಕದ ಜಾಗವನ್ನು ಅವರು ದೊಡ್ಡ ಮಂದಿಗೆ ಕೊಟ್ಟಿಲ್ಲ.

ಮೂರು ವರ್ಷ ನಾನು ಏನೇನು ಹರಟಿದ್ದೆ ಅಲ್ಲಿ ಕೂತು! ಕಂಡವರ ಚಾಡಿ, ಅಪ್ಪನ ಮೇಲಿನ ಸಿಟ್ಟು, ಪರೀಕ್ಷೆಯ ಭಯ. ಎಲ್ಲವನ್ನೂ ಕೇಳಿದ್ದರು.

ಶನಿವಾರ ಹೋದೆ. "ಸರ್, ನಿಮ್ಮ ಕತ್ತು..." ಎಂದೆ. ಯಾರ ದನಿಯೂ ಸಹಾಯಕ್ಕೆ ಬರಲಿಲ್ಲ. ನನ್ನ ಬಲಗಿವಿ ಮುಟ್ಟಿ ತೋರಿಸಿದೆ.

ಅವರು ಅರ್ಜಿ ಎಳೆದುಕೊಂಡು ಸಹಿ ಮಾಡಿದರು.

"ಸ್ಪರ್ಧೆದಾಗ ಅದನ್ನ ಬಿಡ್ತೀನ್ರಿ, ಸರ್."

"ಯಾಕ ಬಿಡ್ತಿ? ನಾ ಇರೋದ ಹಂಗ. ಆದ್ರ ಇನ್ನ ಬರೇ ಕತ್ತು ಓರೆ ಮಾಡಬ್ಯಾಡ. ಓರೆ ಮಾಡಿ, ಕೇಳು." ಆಮೇಲೆ ಬಲಕ್ಕೆ ಕೈ ತೋರಿಸಿದರು. "ಈಗ ನೀ ಕಲಾವಿದ. ಗಾದಿ ಮ್ಯಾಲ ಕುಂದ್ರು."

ನಾನು ಮೇಜು ಸುತ್ತಿ ಎಡಕ್ಕೆ ಹೋಗಿ ಕೂತೆ. ಕುರ್ಚಿ ಎಂದಿನಂತೆ ಕಚ್ಚಿತು. ಕಚ್ಚಲಿ.