ಕಾನೂನಿಗಾಗಿ ಕಾದಿದ್ದ ಕುಂಡ

...ಅಥವಾ ಆಗ ಕುಂಡದಲ್ಲಿ ಮಣ್ಣೇ ಇರಲಿಲ್ಲವೋ ಏನೋ. ಇತ್ತು ಅಂತಲೇ ನನ್ನ ನೆನಪು. ಆದರೆ ಈ ಕಥೆಯನ್ನು ಎಷ್ಟೋ ಜನರ ಮುಂದೆ ಹೇಳಿ ನಗಿಸಿದ್ದೇನೆ. ಹೇಳಿದಾಗಲೆಲ್ಲ ಅದಕ್ಕೆ ಒಂದು ಹಿಡಿ ಗೊಬ್ಬರ ಬಿದ್ದೇ ಇರುತ್ತದೆ. ನೀವು ಧೈರ್ಯವಾಗಿ ನಂಬಬಹುದಾದದ್ದು ಇಷ್ಟು: ಹೊಸೂರಿನಿಂದ ಕೃಷ್ಣಗಿರಿಯವರೆಗೆ, ಹಗಲೆಲ್ಲ ಗಾಂಜಾದ ಮಾತನ್ನೇ ಆಡಿಯೂ ಜನ್ಮದಲ್ಲಿ ಒಂದು ಬೀಡಿಯನ್ನೂ ಸೇದದ ಮನುಷ್ಯ ಯಾರಾದರೂ ಇದ್ದರೆ ಅದು ನನ್ನ ಸೋದರಮಾವ!

ಗಡಿಯಾಚೆ, ತಮಿಳುನಾಡಿನ ಬೇರಿಕೆಯ ಹತ್ತಿರದ ಅವನ ಮನೆಯ ಮುಂದೆ, ಜಗಲಿಯ ಅಂಚಿನಲ್ಲಿ, ಒಂದು ಕುಂಡ. ಕುಂಡದಲ್ಲಿ ಕೆಮ್ಮಣ್ಣು. ಕೆಮ್ಮಣ್ಣಿನಲ್ಲಿ ಏನೂ ಇಲ್ಲ. ಬೆಳಗಾದರೆ ಮಾವ ಚೊಂಬಿನಲ್ಲಿ ನೀರು ತಂದು, ಆ ಏನೂ ಇಲ್ಲದ್ದಕ್ಕೆ ಬಹಳ ಜೋಪಾನವಾಗಿ ಹೊಯ್ಯುತ್ತಿದ್ದ.

"ಏನ್ ಮಾವ, ಏನ್ ಹಾಕಿದ್ದೀಯ ಇದ್ರಾಗೆ?"

"ಏನೂ ಹಾಕಿಲ್ಲ ಕಣ್ಲಾ. ಕಾನೂನು ಬರ್ಲಿ, ಆಮೇಲ್ ಗಾಂಜಾ ಹಾಕ್ತೀನಿ. ಒಂದೇ ಒಂದು ಗಿಡ."

"ಮತ್ತೆ ಈ ನೀರು?"

"ಪರ್ಮಿಟ್ ಬಂದ್ಮ್ಯಾಕೆ ಮಣ್ಣು ಹದ ಮಾಡ್ಕೊಂಡ್ ಕುಂತ್ರೆ ಆಯ್ತದೇನ್ಲಾ? ಜಾಗ ಮುಂಚೇನೇ ರೆಡಿ ಇರ್ಬೇಕು!"

ಇದು ಅವನ ನೌಕರಿಯ ಬುದ್ಧಿ. ಹೊಸೂರಿನ ಲಾರಿ ಕಾರ್ಖಾನೆಯೊಂದರಲ್ಲಿ ಅವನು ಸೇಫ್ಟಿ ವಿಭಾಗದಲ್ಲಿದ್ದ. ಅಲ್ಲಿ ಯಾರಾದರೂ ಏಣಿ ಹತ್ತಬೇಕಾದರೂ ಪರ್ಮಿಟ್ ಬೇಕು. ಪರ್ಮಿಟ್ ಬರುವ ಮೊದಲೇ ಏಣಿ, ಹಗ್ಗ, ಬೆಲ್ಟು ಎಲ್ಲ ಸಜ್ಜಾಗಿರಬೇಕು. ಬರುವ ತನಕ ಯಾರೂ ಮುಟ್ಟಬಾರದು. ಮಾವ ರಿಟೈರಾದ, ಅವನೊಳಗಿನ ಈ ನಿಯಮ ಮಾತ್ರ ರಿಟೈರಾಗಲಿಲ್ಲ. ಮೊಪೆಡ್‌ನಿಂದಿಳಿದು ಹೆಲ್ಮೆಟ್ ತೆಗೆಯದೆ ಮುದ್ದೆ ಉಣ್ಣಲು ಕೂತದ್ದನ್ನು ನಾನೇ ಕಂಡಿದ್ದೇನೆ. ಹೊಸೂರಿನ ಸಿಗ್ನಲ್ಲಿನಲ್ಲಿ ಕೆಂಪು ದೀಪ ಕಂಡರೆ ನಡೆದು ಹೋಗುತ್ತಿದ್ದರೂ ನಿಲ್ಲುತ್ತಿದ್ದ. ಒಮ್ಮೆ ದನದಾಸ್ಪತ್ರೆಗೆ ಹಸು ಹಿಡಿದುಕೊಂಡು ಹೋಗುವಾಗಲೂ ನಿಂತ. ದೀಪ ಹಸಿರಾದಾಗ ಹಸುವೇ ಮೊದಲು ಹೆಜ್ಜೆ ಹಾಕಿತು ಅನ್ನುವುದು ಮಾತ್ರ ನಾನು ಸೇರಿಸಿದ್ದು.

ಇಂಥವನಿಗೆ ಗಾಂಜಾ ಏತಕ್ಕೆ? ಅತ್ತೆಗೆ. ಅವಳಿಗೆ ಸರ್ಪಸುತ್ತು ಎದ್ದು ವಾಸಿಯಾಗಿತ್ತು; ಹುಣ್ಣು ಮಾಯ್ದಿತ್ತು, ನರದ ನೋವು ಸೊಂಟದ ಸುತ್ತಲೇ ಉಳಿದುಬಿಟ್ಟಿತ್ತು. ಸೀರೆ ತಾಕಿದರೂ ಉರಿ, ಗಾಳಿ ತಾಕಿದರೂ ಉರಿ. ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ತಲೆ ತಿರುಗುತ್ತಿತ್ತೇ ಹೊರತು ನೋವು ಅಲ್ಲೇ. ಆಗ ಯಾವುದೋ ದೇಶದಲ್ಲಿ ಮನೆ ಬಳಕೆಗೆ ಅಂತ ಗಾಂಜಾ ಗಿಡ ಬೆಳೆಯಲು ಬಿಡುತ್ತಾರೆ, ನೋವಿಗೆ ಒಳ್ಳೆಯದಂತೆ ಎಂಬ ವಿಡಿಯೋ ಒಂದು ಮಾವನ ಫೋನಿಗೆ ಬಂತು. ಅದು ನಿಜವೋ ಸುಳ್ಳೋ, ಅಂದಿನಿಂದ ಕುಂಡ ಸಿದ್ಧ. ಇನ್ನು ಬರಬೇಕಾದದ್ದು ಕಾನೂನು ಒಂದೇ!

ಕಾನೂನು ಬರಬೇಕಾದರೆ ಜನಾಭಿಪ್ರಾಯ ಬೇಕಲ್ಲ? ಮಾವ ಬಸ್ಸಿನಲ್ಲಿ ಚರ್ಚೆ ಶುರು ಮಾಡಿದ. ಅಥವಾ ಟೀ ಅಂಗಡಿಯಲ್ಲಿ. ಎರಡೂ ಕಡೆ ಅದೇ ಜನ, ಅದೇ ಹಬೆ, ಕಿಟಕಿಯಾಚೆ ಅದೇ ಮಂಜು. ಅವನ ವಾದಕ್ಕೆ ಒಂದು ವಿಶೇಷವಿತ್ತು. ಕನ್ನಡದಲ್ಲಿ ಅವನು ಗಾಂಜಾದ ಪರ. ತಮಿಳಿನಲ್ಲಿ ವಿರೋಧ, ಏಕೆಂದರೆ ಶಾಲೆ, ಕಚೇರಿ, ಪೊಲೀಸು, ಎಲ್ಲ ಅವನಿಗೆ ತಮಿಳಿನಲ್ಲೇ ಆದದ್ದು. ಆ ಭಾಷೆಯಲ್ಲಿ ಬಾಯಿ ತೆರೆದರೆ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ತೆಲುಗು ಅವನಿಗೆ ಸಂತೆಯ ಭಾಷೆ. ಅದರಲ್ಲಿ ಅವನು ಪರವೂ ಅಲ್ಲ, ವಿರೋಧವೂ ಅಲ್ಲ. "ಅದಂತಾ ಸರೇ, ರೇಟೆಂತ?" ಎಂದು ಬೆಲೆ ಕೇಳಿ ಸುಮ್ಮನಾಗುತ್ತಿದ್ದ.

ಒಂದು ದಿನ ಬಸ್ಸಿನಲ್ಲಿ ನನ್ನ ಕಿವಿಯಲ್ಲಿ, "ಅವರವರ ಮನೇನಾಗೆ ಅವರವರ್ಗೆ ಒಂದು ಗಿಡ, ಸರ್ಕಾರಕ್ಕೇನ್ಲಾ ನಷ್ಟ?" ಅನ್ನುತ್ತಿದ್ದ. ಮುಂದಿನ ಸೀಟಿನವರು ತಮಿಳಿನಲ್ಲಿ ಏನೋ ಕೇಳಿದರು. ಮಾವ ತಕ್ಷಣ, "ಕೂಡಾದು! ಕೂಡವೇ ಕೂಡಾದು! ಹುಡುಗರು ಹಾಳಾಗ್ತಾರೆ!" ಎಂದು ತಮಿಳಿನಲ್ಲಿ ಗುಡುಗಿದ. ಈ ಸೀಮೆಯಲ್ಲಿ ಮೂರು ಭಾಷೆಯೂ ಎಲ್ಲರಿಗೂ ಬರುತ್ತದೆ ಎಂಬುದನ್ನು ಮಾವ ಒಬ್ಬನೇ ಮರೆತಿದ್ದ ಅಂತ ಕಾಣುತ್ತದೆ. ಕಂಡಕ್ಟರ್ ಬಂದು ನಿಂತು ಅಚ್ಚ ಕನ್ನಡದಲ್ಲಿ, "ಯಜಮಾನ್ರೇ, ಆಗ್ಲೇ ಬೇಕು ಅಂದ್ರಿ, ಈಗ ಬ್ಯಾಡ ಅಂತೀರಿ. ಎಲ್ಲಿಗ್ ಟಿಕೆಟ್ ಕೊಡ್ಲಿ ಹೇಳ್ರಿ" ಅಂದ.

ಕೊನೆಗೆ ಒಂದು ಸಲ ಕೃಷ್ಣಗಿರಿಗೆ ಹೋದೆವು, ವಕೀಲರನ್ನು ಕೇಳಲು. ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಅವರು ನಿಂತಿದ್ದರು. ಎಲೆಗಳ ನೆರಳು ಅವರ ಕಪ್ಪು ಕೋಟಿನ ಮೇಲೆ ಮೀನಿನಂತೆ ಈಜುತ್ತಿತ್ತು. ಅಂದು ಮೊದಲ ಸಲ ಮಾವ ತಮಿಳಿನಲ್ಲೂ ಗಾಂಜಾದ ಪರವಾಗಿ ಮಾತನಾಡಿದ. ಬೆವರುತ್ತ ಮಾತನಾಡಿದ. ವಕೀಲರು ತಾಳ್ಮೆಯಿಂದ ವಿವರಿಸಿದರು: ಬರೀ ಎಲೆಗೆ ಒಂದು ಲೆಕ್ಕ, ಅದು ಗಾಂಜಾ ಅಲ್ಲ; ಹೂವಿನ ತೆನೆಗೆ ಇನ್ನೊಂದು ಲೆಕ್ಕ, ಅದೇ ಗಾಂಜಾ; ಆದರೆ ಅನುಮತಿಯಿಲ್ಲದೆ ಗಿಡ ಬೆಳೆಸುವುದೇ ಅಪರಾಧ.

"ಅಂದರೆ ಗಿಡ ಇಲ್ಲದೆ ಎಲೆ ಬರಬೇಕೇ ಸಾರ್?" ಮಾವ ಕೇಳಿದ.

ವಕೀಲರು ನಕ್ಕು, "ಅದಿರಲಿ, ಯಾರಿಗೆ ಬೇಕು?" ಅಂದರು.

"ಮನೆಯವಳಿಗೆ."

"ಹಾಗಾದರೆ ನಾಳೆ ಸ್ವಂತ ಬಳಕೆಗೆ ಅಂತ ಕಾನೂನು ಬಂದರೂ ನಿಮಗೆ ಕಷ್ಟವೇ. ಸ್ವಂತ ಅಂದರೆ ನೀವು ಬೆಳೆದು ನೀವೇ ಬಳಸಿದ್ದು. ಹೆಂಡತಿಗೆ ಕೊಟ್ಟರೆ ಅದು ಇನ್ನೊಬ್ಬರಿಗೆ ಕೊಟ್ಟ ಹಾಗೆ ಅಂತ ಯಾರಾದರೂ ವಾದ ಮಾಡಬಹುದು."

ವಾಪಸ್ ಬಸ್ಸಿನಲ್ಲಿ ಮಾವ ಟಿಕೆಟ್ಟನ್ನು ಮಡಿಸುತ್ತ ಬಿಚ್ಚುತ್ತ ಕೂತ. ಗುಡ್ಡಗಳು ಬಂದವು, ಮಾವಿನ ತೋಪುಗಳು ಹಿಂದೆ ಸರಿದವು, ನನಗೆ ತೂಕಡಿಕೆ ಬಂತು. ಶೂಲಗಿರಿ ದಾಟಿದ ಮೇಲೆ ಇದ್ದಕ್ಕಿದ್ದಂತೆ ನನ್ನ ತೊಡೆಗೆ ಹೊಡೆದು ಎಬ್ಬಿಸಿದ. "ಇನ್ನೊಬ್ರಂತೆ ಕಣ್ಲಾ! ನಿಮ್ಮತ್ತೆ ನಂಗೆ ಇನ್ನೊಬ್ರಂತೆ!"

ಮನೆಗೆ ಬಂದು ಅತ್ತೆಯ ಮುಂದೆಯೂ ಅದನ್ನೇ ಕೂಗಿದ. ಅತ್ತೆ ಗಾಂಜಾದ ಖಾಯಂ ವಿರೋಧಿ, ಅದೂ ಮೂರೂ ಭಾಷೆಯಲ್ಲಿ! ಅವಳ ತಂಗಿಯ ಮಗ ಕಾರ್ಖಾನೆಯ ಕೆಲಸಕ್ಕೆಂದು ಹೋಗಿ, ರೂಮಿನಲ್ಲಿ ಅದನ್ನು ಸೇದುವುದು ಕಲಿತು, ಶಿಫ್ಟು ಬಿಟ್ಟು, ಈಗ ಗೋಡೆ ನೋಡುತ್ತ ಕೂತಿರುತ್ತಾನೆ. ಅವಳಿಗೆ ಅದಕ್ಕಿಂತ ದೊಡ್ಡ ವಾದ ಬೇಕಿರಲಿಲ್ಲ.

"ಲಾಯ್ರು ಸರ್ಯಾಗೇ ಹೇಳವ್ನೆ," ಅಂದಳು. "ನಾನು ಇನ್ನೊಬ್ಳೇ ಮತ್ತೆ. ನೋವು ನಂದು. ನಿಮ್ಗೇನಾರ ನೋಯ್ತದಾ?"

ಮಾವ ಹೆಲ್ಮೆಟ್ ಹಾಕಿಕೊಂಡು ಹೊರಗೆ ಹೋದ. ಮೊಪೆಡ್ ಮಾತ್ರ ಅಲ್ಲೇ ನಿಂತಿತ್ತು.

ಇನ್ನು ಪೊಲೀಸ್ ಠಾಣೆಯ ಪ್ರಸಂಗ. ಅಲ್ಲಿ ನಾನಿರಲಿಲ್ಲ, ಮಾವ ಹೇಳಿದ್ದು, ಹೇಳಿದಂತೆಲ್ಲ ಬದಲಾಗಿದ್ದು. ಆ ಖಾಲಿ ಕುಂಡದಲ್ಲಿ ಏನೋ ಹಸಿರು ಎದ್ದಿತು. ಕಳೆ ಅಂತ ಮಾವ ಬಿಟ್ಟ. ಅದು ಎತ್ತರವಾಗುತ್ತ, ಒಂದು ದಿನ ಎಲೆ ಬೆರಳು ಬಿಚ್ಚಿತು: ಐದು ಬೆರಳು, ಅಂಚೆಲ್ಲ ಗರಗಸ. ವಿಡಿಯೋದಲ್ಲಿ ಕಂಡದ್ದೇ! ಇನ್ನೊಬ್ಬನಾಗಿದ್ದರೆ ಕಿತ್ತೆಸೆಯುತ್ತಿದ್ದ, ಇಲ್ಲವೆ ಬಚ್ಚಿಡುತ್ತಿದ್ದ. ಮಾವ ಕುಂಡವನ್ನು ಮೊಪೆಡ್‌ನ ಮುಂದೆ ಇಟ್ಟುಕೊಂಡು, ಎಲೆ ಗಾಳಿಗೆ ಮುಖಕ್ಕೆ ಬಡಿಯುತ್ತಿದ್ದರೂ ಹಾರ್ನ್ ಮಾಡುತ್ತ, ಸಂತೆಬೀದಿಯ ನಡುವೆಯೇ ಹಾದು ಠಾಣೆಗೆ ಹೋದ. ಗಾಬರಿಯಲ್ಲಿ ತಮಿಳೇ ಬಾಯಿಗೆ ಬರಲಿಲ್ಲ.

"ನಾನ್ ಹಾಕಿಲ್ಲ ಸಾರ್. ಪರ್ಮಿಟ್‌ಗೆ ಕಾಯ್ತಾ ಇದ್ದೆ. ಅದೇ ಬಂದ್ಬುಡ್ತು!"

ಅಲ್ಲಿದ್ದ ಪೊಲೀಸಿನವರೊಬ್ಬರು ಗಿಡವನ್ನು ನೋಡಿದರು, ಮಾವನನ್ನು ನೋಡಿದರು, ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ಜಗಿದರು.

"ಸಾರ್! ಡ್ಯೂಟಿನಾಗ!" ಮಾವ ಚೀರಿದ.

"ಪುಂಡಿ ಸೊಪ್ಪು ಕಣಯ್ಯ," ಅವರು ಹುಳಿಗೆ ಕಣ್ಣು ಕಿರಿದು ಮಾಡಿದರು. "ನಾಕು ಮೆಣಸಿನ್ಕಾಯ್ ಹಾಕಿ ಚಟ್ನಿ ಮಾಡ್ಸು, ಹೋಗು!"

ಸೊಪ್ಪನ್ನು ಬೇಯಿಸಿದ ಮೇಲೆ ಮಾತ್ರ ಗುರುತು ಹಿಡಿಯುವ ಗಂಡಸರ ಪೈಕಿ ನನ್ನ ಮಾವನೂ ಒಬ್ಬ ಎಂಬುದು ಅಂದು ಸರ್ಕಾರಿ ಮಟ್ಟದಲ್ಲಿ ಸಾಬೀತಾಯಿತು. ಬೀಜ ಹಾಕಿದವಳು ಅತ್ತೆ. ನಾನು ಕೇಳಿದ್ದಕ್ಕೆ, "ಇನ್ನೇನಪ್ಪ ಮತ್ತೆ," ಅಂದಳು, "ನಿಮ್ಮಾವ ದಿನಾ ಬರೀ ಮಣ್ಣಿಗ್ ನೀರ್ ಹೊಯ್ಯೋದ್ ನೋಡಾಕಾಗ್ತಿರ್ಲಿಲ್ಲ. ಹೊಯ್ಯೋ ನೀರ್ಗೆ ಏನಾರ ಒಂದು ಎದ್ ಬರ್ಲಿ ಅಂತ."

ಇದಾದ ಮೇಲಿನ ಒಂದು ಭಾನುವಾರ. ಅಥವಾ ಮುಂಚಿನದೇ ಇರಬಹುದು. ಆ ಮಧ್ಯಾಹ್ನಕ್ಕೆ ಹಿಂದುಮುಂದು ಇದ್ದಂತೆ ನನಗೆ ತೋರುವುದಿಲ್ಲ. ಬಸ್ಸಿಳಿದು ನಡೆದೆ. ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಮನೆಗಳು ಬಿಸಿಲಿನಲ್ಲಿ ಕೆರೆಗಳಂತೆ ಹೊಳೆಯುತ್ತಿದ್ದವು. ನಾಯಿಯೂ ಬೊಗಳಲಿಲ್ಲ. ಬಾಗಿಲ ಹತ್ತಿರ ಬಂದಾಗ ಒಳಗೆ ಚರ್ಚೆ ನಡೆದಿತ್ತು. ಒಂದು ದನಿ ಕನ್ನಡದಲ್ಲಿ ಬೇಕು ಅನ್ನುತ್ತಿತ್ತು, ಇನ್ನೊಂದು ತಮಿಳಿನಲ್ಲಿ ಬೇಡ ಅನ್ನುತ್ತಿತ್ತು, ಎರಡೂ ಬಹಳ ಮೆಲ್ಲಗೆ. ಯಾರೋ ನೆಂಟರಿದ್ದಾರೆ ಅಂದುಕೊಂಡು ಇಣುಕಿದೆ.

ಮಾವ ಒಬ್ಬನೇ. ಅತ್ತೆ ಮಂಚದ ಮೇಲೆ ನೋವಿಲ್ಲದ ಮಗ್ಗುಲಿಗೆ ತಿರುಗಿ ಮಲಗಿದ್ದಳು. ಪಕ್ಕದಲ್ಲಿ ಕೂತಿದ್ದ ಅವನು, ಅವಳ ಸೀರೆ ಸೊಂಟಕ್ಕೆ ತಾಕದಂತೆ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದ, ಪುಟ್ಟ ಡೇರೆಯ ಹಾಗೆ. ಹಾಗೆ ಹಿಡಿದುಕೊಂಡೇ ಎರಡೂ ಕಡೆಯ ವಾದ ಮಾಡುತ್ತಿದ್ದ. ನನ್ನನ್ನು ನೋಡಿ ಕಣ್ಣಲ್ಲೇ ಸುಮ್ಮನಿರು ಅಂದ.

"ಇದ್ನ ಕೇಳ್ತಾ ಇದ್ರೆ ಮಲೀಕತಾಳೆ ಕಣ್ಲಾ," ಪಿಸುಗುಟ್ಟಿದ. "ಬ್ಯಾರೆ ಏನ್ ಮಾತಾಡಿದ್ರೂ ನಿದ್ದೆ ಬರಾಕಿಲ್ಲ. ಒಂದೇ ಕಡೆ ಮಾತಾಡಿದ್ರೆ ಬಿರ್ನೆ ಮುಗ್ದೋಯ್ತದೆ. ಎದ್ಬುಡ್ತಾಳೆ. ಅದ್ಕೇ ಎರಡೂ ಕಡೆ."

ಮತ್ತೆ ವಾದಕ್ಕೆ ತಿರುಗಿದ. ಬಟ್ಟೆಯನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದ, ಮಡಿಕೆ ಅಲುಗದಂತೆ. ಅತ್ತೆಯ ತುಟಿಯ ಅಂಚು ಒಮ್ಮೆ ಮಿಸುಕಿತು. ನಗುವಿರಬಹುದು, ಉರಿಯಿರಬಹುದು.

ಅವಳಿಗೆ ನಿಜವಾಗಿ ನಿದ್ದೆ ಬಂದಿತ್ತೇ? ಇಲ್ಲ, ಅವನು ಇಷ್ಟಾದರೂ ಗೆದ್ದೆ ಅಂದುಕೊಳ್ಳಲಿ ಎಂದು ಕಣ್ಣು ಮುಚ್ಚಿಕೊಂಡು, ಉರಿಯನ್ನು ಒಬ್ಬಳೇ ನುಂಗುತ್ತಿದ್ದಳೇ? ನನಗೆ ಗೊತ್ತಿಲ್ಲ. ಈಗಲೂ ಹೋಗಿ ಕೇಳಬಹುದು. ಕೇಳಿಲ್ಲ.