ಗೋ, ವೆಂಟ್, ಗಾನ್ ಮತ್ತು ಒಂದು ತಡ್ಪೆ ಬೀಡಿ

ಇಂಗ್ಲಿಷ್ ಮಾಸ್ಟ್ರಾದವನಿಗೆ ತಮಾಷೆಯ ಪ್ರಸಂಗಗಳಿಗೆ ಬರಗಾಲವಿಲ್ಲ. ಅವು ದಿನಾ ಕ್ಲಾಸಿಗೆ ಹಾಜರಾಗುತ್ತವೆ. ನಿವೃತ್ತನಾದ ಮೇಲೆ ಅವನ್ನೇ ಹೇಳಿ ನಾಲ್ಕು ಜನರನ್ನು ನಗಿಸುತ್ತೇನೆ. ನನಗೆ ಮಾತ್ರ ಈಚೆಗೆ ಪೂರ್ತಿ ನಗು ಬರುವುದಿಲ್ಲ. ಯಾಕೆಂದರೆ ಹೆಚ್ಚಿನವುಗಳಲ್ಲಿ ತಪ್ಪು ನನ್ನದೇ.

ಬಾಗಿಲು

ಎಪ್ಪತ್ತರ ದಶಕದ ಆರಂಭ. ವಾಮದಪದವಿನ ಹತ್ತಿರದ ಒಂದು ಶಾಲೆಯಲ್ಲಿದ್ದೆ. ಬಾಯಲ್ಲಿ ಹೇಳಿದ್ದನ್ನು ಮಗು ಮಾಡಿಯೂ ತೋರಿಸಬೇಕು ಎಂಬ ಹೊಸ ಪದ್ಧತಿಯನ್ನು ಮೂಡುಬಿದಿರೆಯ ಶಿಬಿರವೊಂದರಲ್ಲಿ ಕಲಿತು ಬಂದಿದ್ದೆ. ಒಬ್ಬ ಹುಡುಗನನ್ನು ಎಬ್ಬಿಸಿದೆ.

"ಐ ಆ್ಯಮ್ ಗೋಯಿಂಗ್ ಟು ದ ಡೋರ್" ಎನ್ನುತ್ತ ಬಾಗಿಲಿಗೆ ಹೋದ. "ಐ ಆ್ಯಮ್ ಓಪನಿಂಗ್ ದ ಡೋರ್" ಎಂದು ತೆರೆದ. "ಐ ಆ್ಯಮ್ ಗೋಯಿಂಗ್ ಔಟ್" ಎಂದು ಹೊರಗೆ ಹೋದ. ನಾನು ಖುಷಿಯಿಂದ ಇಡೀ ಕ್ಲಾಸಿನ ಕೈಯಲ್ಲಿ ಚಪ್ಪಾಳೆ ಹೊಡೆಸಿದೆ. ಚಪ್ಪಾಳೆ ನಿಂತರೂ ಹುಡುಗ ಬರಲಿಲ್ಲ.

ಮರುದಿನ ಬೆತ್ತ ಹಿಡಿದು ಕೇಳಿದೆ, "ಎಲ್ಲಿಗೆ ಹೋಗಿದ್ದೆ?"

"ಮನೆಗೆ ಸರ್. ಒಳಗೆ ಬರುವುದನ್ನು ನಾಳೆ ಹೇಳಿಕೊಡ್ತೇನೆ ಅಂದಿದ್ರಿ ಅಲ್ವಾ?"

ನಗಬೇಕಾದಲ್ಲಿ ನಾನು ಎರಡು ಬಿಗಿದೆ. "ಥ್ಯಾಂಕ್ಯೂ ಸರ್" ಎಂದ. ಯಾರು ಏನು ಕೊಟ್ಟರೂ ಹಾಗೆ ಹೇಳಬೇಕೆಂದು ಕಲಿಸಿದವನೂ ನಾನೇ.

ಮನೆಪಾಠ

ಅದೇ ಶಾಲೆಯಲ್ಲಿ ಎಂಟನೆಯ ಕ್ಲಾಸಿನ ಒಬ್ಬ ಹುಡುಗಿಯಿದ್ದಳು. ಇಂಗ್ಲಿಷ್ ಕ್ರಿಯಾಪದಗಳ ಮೂರು ರೂಪ ಕೇಳಿದರೆ ಕಣ್ಣು ಕಣ್ಣು ಬಿಡುತ್ತಿದ್ದಳು. "ಇಂಗ್ಲಿಷಿನಲ್ಲಿ ಫೇಲಾದರೆ ಶಾಲೆ ಸಾಕು, ಬೀಡಿ ಕಟ್ಟಲಿ" ಎಂದು ಸೋದರಮಾವ ತೀರ್ಮಾನ ಮಾಡಿದ್ದ. ಹುಡುಗಿಗೆ ಟೀಚರ್ ಆಗುವ ಆಸೆ. ತಾಯಿಗೆ ಬುದ್ಧಿ ಹೇಳೋಣವೆಂದು ಅವರ ಮನೆಗೆ ಹೋದೆ.

ಜಗಲಿಯಲ್ಲಿ ತಾಯಿ, ಮಗಳು, ಅಜ್ಜಿ, ಮೂವರ ಮಡಿಲಲ್ಲೂ ಬೀಡಿಯ ತಡ್ಪೆ, ಎಂದರೆ ಎಲೆ, ಹೊಗೆಸೊಪ್ಪು, ನೂಲು ಇಟ್ಟುಕೊಂಡ ಮೊರ. ಹುಡುಗಿ ಎಲೆಗೆ ಹೊಗೆಸೊಪ್ಪು ಹಾಕುವಾಗ ಗೋ, ಸುತ್ತುವಾಗ ವೆಂಟ್, ನೂಲು ಕಟ್ಟುವಾಗ ಗಾನ್. ಮುಂದಿನ ಬೀಡಿಗೆ ಈಟ್, ಏಟ್, ಈಟನ್. ಒಂದೂ ತಪ್ಪಲಿಲ್ಲ. ನಾನು ದಂಗಾದೆ.

ತಾಯಿ ಹೇಳಿದಳು, "ಮಾಸ್ಟ್ರೇ, ಇವಳು ಓದುವುದಿಲ್ಲ ಅಂತ ಹೇಳ್ಬೇಡಿ. ಕೇಳಿ ಕೇಳಿ ನಮ್ಮ ಅಜ್ಜಿಗೂ ಬರ್ತದೆ."

ಬೊಚ್ಚುಬಾಯಿಯ ಅಜ್ಜಿ ಬೀಡಿಯಿಂದ ಕಣ್ಣೆತ್ತದೆ "ಸ್ಲೀಪ್, ಸ್ಲೆಪ್ಟ್, ಸ್ಲೆಪ್ಟ್" ಎಂದು ನೂಲು ಬಿಗಿದರು. ನನ್ನ ಕ್ಲಾಸಿನಲ್ಲಿ ಅಷ್ಟು ಚೆನ್ನಾಗಿ ಹೇಳುವವರು ಇಬ್ಬರೂ ಇರಲಿಲ್ಲ.

ಕೈ ಕಟ್ಟು

ನಮ್ಮ ಶಾಲೆಯಲ್ಲಿ ಇಂಗ್ಲಿಷಿಗೆ ಬಾಯಿಪರೀಕ್ಷೆಯೂ ಇತ್ತು. ಹುಡುಗಿ ಎದ್ದು ನಿಂತಳು. ಗಾಳಿಯಲ್ಲೇ ಬೆರಳು ಓಡತೊಡಗಿದವು: ಹಾಕಿದಳು, ಸುತ್ತಿದಳು, ಕಟ್ಟಿದಳು. ಗೋ, ವೆಂಟ್, ಗಾನ್ ಸಲೀಸಾಗಿ ಬಂತು. ಕ್ಲಾಸು ಗೊಳ್ಳೆಂದು ನಕ್ಕಿತು. ಹೆಡ್‌ಮಾಸ್ಟ್ರು ಪಕ್ಕದಲ್ಲಿ ಕೂತಿದ್ದರು; ನನ್ನ ಮರ್ಯಾದೆ ಹೋದಂತಾಯಿತು.

"ಕೈ ಕಟ್ಟಿ ಹೇಳು!" ಎಂದು ಗದರಿದೆ.

ಕೈ ಕಟ್ಟಿದಳು. ಬಾಯಿಯೂ ಕಟ್ಟಿತು. ಐದು ನಿಮಿಷ ಕಾದು ಸೊನ್ನೆ ಹಾಕಿದೆ. ಆ ಮನೆಯ ಜಗಲಿಯಲ್ಲಿ ಕೂತು ಎಲ್ಲ ಕೇಳಿ ಬಂದಿದ್ದವನೇ ಹಾಕಿದೆ. ಫೇಲಾದಳು. ಜೂನ್‌ನಲ್ಲಿ ಶಾಲೆ ಶುರುವಾದಾಗ ಅವಳು ಬರಲಿಲ್ಲ. ನಾನು ಅವರ ಮನೆಗೆ ಹೋಗಿ ಕರೆಯಲೂ ಇಲ್ಲ. ನಾಚಿಕೆಯಾಗಿತ್ತು.

ಹೆಡ್‌ಮಾಸ್ಟ್ರು ಮಾತ್ರ ವರ್ಷದ ವರದಿಯಲ್ಲಿ ನನ್ನ ಬಗ್ಗೆ "ಶಿಸ್ತಿನ ಶಿಕ್ಷಕ" ಎಂದು ಬರೆದರು.

ಮಗಳು

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಬೆಳ್ತಂಗಡಿ ಕಡೆಯ ಒಂದು ಶಾಲೆಯಲ್ಲಿ ನಾನೇ ಹೆಡ್‌ಮಾಸ್ಟರ್. ಒಬ್ಬ ಹೆಂಗಸು ಮಗಳನ್ನು ಐದನೆಯ ಕ್ಲಾಸಿಗೆ ಸೇರಿಸಲು ಬಂದಳು. ಗುರುತು ಹಿಡಿದದ್ದು ಅವಳೇ.

"ಸರ್, ನಾನು! ಸೊನ್ನೆ ತೆಗೊಂಡವಳು" ಎಂದು ನಕ್ಕಳು.

"ಅವತ್ತು ನನ್ನಿಂದ ತಪ್ಪಾಯಿತಮ್ಮ" ಎಂದೆ. ಹದಿನಾರು ಹದಿನೇಳು ವರ್ಷದಿಂದ ಹೇಳಬೇಕಾಗಿದ್ದ ಮಾತು.

"ಬಿಡಿ ಸರ್, ಮುಗಿದುಹೋದದ್ದು. ಆದರೆ ಇವಳು ಕೈ ಆಡಿಸಿದರೆ ಬೈಬೇಡಿ, ಆಯ್ತಾ?"

"ಒಂದು ಮಾತೂ ಬೈಯುವುದಿಲ್ಲ" ಎಂದು ಹುಡುಗಿಯ ಕಡೆ ತಿರುಗಿ, "ಗೋ?" ಎಂದೆ.

ಪುಟ್ಟ ಬೆರಳುಗಳು ಹಾಕಿದವು, ಸುತ್ತಿದವು, ಕಟ್ಟಿದವು. ಗೋ, ವೆಂಟ್, ಗಾನ್. ಕಮ್, ಕೇಮ್, ಕಮ್. ಇಪ್ಪತ್ತೈದು ಕ್ರಿಯಾಪದ ಉಸಿರು ಬಿಡದೆ ಬಂತು. ಐದನೆಯ ಕ್ಲಾಸಿನಲ್ಲಿ ನಾವು ಇನ್ನೂ ಎಬಿಸಿಡಿ ಶುರುಮಾಡುವವರು! ನನ್ನ ಕಣ್ಣು ತುಂಬಿತು.

"ಇಷ್ಟು ಒಳ್ಳೆಯ ಇಂಗ್ಲಿಷ್ ಎಲ್ಲಿ ಕಲಿತೆ ಮಗಾ?"

ಹುಡುಗಿ ಗಾಬರಿಯಾಗಿ ತಾಯಿಯನ್ನು ನೋಡಿದಳು. "ಅಮ್ಮ, ಇದು ಇಂಗ್ಲಿಷಾ? ಬೀಡಿ ಕಟ್ಟುವ ಹಾಡಲ್ವಾ?"