ಇನ್ಸ್‌ಪೆಕ್ಟರರ ಟರ್ನ್‌ಟೇಬಲ್ಲೂ ನಲವತ್ತು ಅಂಗಿಯೂ

“ಇವತ್ತಿನಿಂದ ಈ ಯಂತ್ರದ ಪೂರ್ತಿ ಜವಾಬ್ದಾರಿ ನನ್ನದು. ಜೋಡಿಸೋದು, ಒರೆಸೋದು, ಧೂಳು ತೆಗೆಯೋದು, ಎಲ್ಲಾ ನಾನೇ! ನೀನು ಒಂದು ಬೆರಳೂ ತಾಗಿಸಬೇಡ!”

ಗುರುವಾರ ಬೆಳಿಗ್ಗೆ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಸಾಹೇಬರು ರಜೆ ಹಾಕಿ, ಮನೆಯ ಹಾಲ್ ನಡುವೆ ನಿಂತು ಹೀಗೆ ಘೋಷಿಸಿದಾಗ ಅವರ ಹೆಂಡತಿ ಬಾಗಿಲಲ್ಲೇ ಕಲ್ಲಾದಳು. ಬೀದಿಯವರಿಗೆಲ್ಲ ಅವಳು ಟೈಲರಮ್ಮ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಈ ಮಹಾನುಭಾವರು ತಾವು ಕುಡಿದ ಲೋಟವನ್ನೂ ಎತ್ತಿಟ್ಟವರಲ್ಲ. ಅಂಥವರು ಈಗ ಮೊಣಕಾಲೂರಿ, ಎಳೆ ಮಗುವಿನ ತಲೆ ಬಾಚುವ ಹಾಗೆ, ಮೆತ್ತನೆ ಬ್ರಷ್ಷಿನಿಂದ ರೆಕಾರ್ಡಿನ ಧೂಳು ತೆಗೆಯುತ್ತಿದ್ದರು! ತನ್ನ ಗಂಡನಿಗೂ ಬಗ್ಗುವ ಸೊಂಟ ಒಂದಿದೆ ಎಂದು ಅವಳಿಗೆ ತಿಳಿದದ್ದೇ ಅವತ್ತು. ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡು, ಗ್ರಹಣ ನೋಡುವವಳ ಹಾಗೆ ನೋಡುತ್ತಾ ನಿಂತಳು.

ಯಂತ್ರವೂ ನೋಡುವಂಥದ್ದೇ, ರೆಕಾರ್ಡಿನ ಹಾಡು ನುಡಿಸುವ ಹೊಚ್ಚ ಹೊಸ ಟರ್ನ್‌ಟೇಬಲ್. ಕನ್ನಡಿಯಂಥ ಕಪ್ಪು ಪೀಠ, ಎರಡು ಕೈಯಲ್ಲಿ ಎತ್ತಬೇಕಾದ ಗಾಜಿನ ತಟ್ಟೆ, ಕೊಕ್ಕರೆ ಕತ್ತಿನಂಥ ತೋಳು. ಪೀಠ ಸಮವಾಗಿದೆಯೇ ಎಂದು ನೋಡಲು ಇಟ್ಟ ರಸಮಟ್ಟದ ಗುಳ್ಳೆ ನಡುವಿಗೆ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಆಮೇಲೆ ತೋಳಿನ ತುದಿಯ ಮುಳ್ಳು. ಅದು ರೆಕಾರ್ಡಿನ ಮೇಲೆ ಊರಬೇಕಾದ ಭಾರ ಒಂದೂಮುಕ್ಕಾಲು ಗ್ರಾಂ. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ! ಅಂಗಡಿಕಾರರ ತಕ್ಕಡಿಗಳನ್ನು ನಡುಗಿಸಿದ ಆ ಕೈಯೇ ಈಗ ನಡುಗುತ್ತಿತ್ತು. ಅಂತೂ ಮುಳ್ಳು ರೆಕಾರ್ಡಿಗೆ ಇಳಿಯಿತು. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ಕಟಕಟ ಅಂದಿತು.

“ನಿಲ್ಸೇ! ಮುಳ್ಳು ಎಗರ್ತಾ ಇದೆ!”

“ರೀ, ಸೋಮವಾರ ಬೆಳಿಗ್ಗೆ ಶಾಲೆ ಬ್ಯಾಂಡಿನವರ ನಲವತ್ತು ಅಂಗಿ ಕೊಡಬೇಕು. ಒಂದು ದಿನ ತಡವಾದರೂ ಹೆಡ್‌ಮೇಡಂ ಆರ್ಡರೆಲ್ಲಾ ಬೇರೆಯವರಿಗೆ ಕೊಟ್ಟುಬಿಡ್ತಾರೆ.”

“ಭಾನುವಾರ ಸಾಯಂಕಾಲ ನಮ್ಮ ದೊಡ್ಡ ಸಾಹೇಬರು ಕೇಳೋಕೆ ಬರ್ತಾರೆ. ಅಲ್ಲೀತನಕ ಹೊಲಿಗೆ ಬಂದ್!”

“ಅಡುಗೆ?”

“ಅದು ಅಷ್ಟೊಂದು ಸದ್ದು ಮಾಡಲ್ಲ. ಅದನ್ನ ಮಾಡು.”

ಶುಕ್ರವಾರ ಮಿಕ್ಸಿ ಬಾಯಿ ಮುಚ್ಚಿತು, ಫ್ಯಾನು ರೆಕ್ಕೆ ಮಡಚಿತು. ಶನಿವಾರ ಫ್ರಿಜ್ಜು ಗುಂಯ್‌ಗುಡುತ್ತದೆಂದು ಅದರ ಪ್ಲಗ್ ಕಿತ್ತರು, ಹಾಲು ಒಡೆಯಿತು. ಟೈಲರಮ್ಮ, ಗಂಡ ಸ್ನಾನಕ್ಕೆ ಹೋದಾಗ ಎರಡು ತೋಳು, ಗೊರಕೆ ಹೊಡೆಯುವಾಗ ಮೂರು ಕಾಲರು ಎಂದು ಕದ್ದು ಕದ್ದು ಹೊಲಿದಳು. ಆ ಗೊರಕೆಗೆ ಮಾತ್ರ ಯಾವ ನಿಷೇಧವೂ ಇರಲಿಲ್ಲ. ಭಾನುವಾರ ಮಧ್ಯಾಹ್ನಕ್ಕೆ ಹೊಲಿಗೆಯೇನೋ ಮುಗಿಯಿತು. ಇಪ್ಪತ್ತು ಅಂಗಿಗೆ ಗುಂಡಿ ಹಾಕುವುದು ಬಾಕಿ. ಅಂಗಿಗೆ ಆರರಂತೆ ನೂರಿಪ್ಪತ್ತು ಗುಂಡಿ, ಇರುವುದು ಎರಡು ಕೈ!

ಐದು ಗಂಟೆಗೆ ದೊಡ್ಡ ಸಾಹೇಬರು ಇಬ್ಬರು ಗುಮಾಸ್ತರೊಂದಿಗೆ ಬಂದರು. ಇನ್ಸ್‌ಪೆಕ್ಟರರು ಉಸಿರು ಬಿಗಿಹಿಡಿದು ಮುಳ್ಳು ಇಳಿಸಿದರು. ರೆಕಾರ್ಡಿನ ಗಾಯಕಿ ಬಾಯಿ ತೆರೆದಳು. ಬಂದದ್ದು ನೆಗಡಿಯಾದ ಪೈಲ್ವಾನನ ದನಿ! ಅದೂ ಕ್ರಮೇಣ ನಿದ್ದೆಗೆ ಜಾರಿತು.

“ಕರೆಂಟು ಸಾಲದು, ಸರ್,” ಅಂದರು ಇನ್ಸ್‌ಪೆಕ್ಟರರು.

ಟೈಲರಮ್ಮ ಒಳಗಿನಿಂದ ಬಂದು ಮೂಗು ಅರಳಿಸಿದಳು. “ರೀ, ನನ್ನ ಮಿಷನ್ ಎಣ್ಣೆ ಎಲ್ಲಿ?”

“ಅದು... ನೀನು ವಾರ ವಾರ ನಿನ್ನ ಮಿಷನ್ನಿಗೆ ಬಿಡ್ತೀಯಲ್ಲ. ಇದಕ್ಕೂ ಇರಲಿ ಅಂತ ಇವತ್ತು ತಟ್ಟೆ ತಿರುಗಿಸೋ ಬೆಲ್ಟಿಗೆ ನಾಲ್ಕು ಹನಿ...”

“ಬೆಲ್ಟಿಗೆ ಯಾರಾದರೂ ಎಣ್ಣೆ ಬಿಡ್ತಾರೇನ್ರೀ! ಜಾರದೆ ಇನ್ನೇನಾಗುತ್ತೆ? ಇಪ್ಪತ್ತಾರು ವರ್ಷ ಪಕ್ಕದ ಕೋಣೆಯಲ್ಲೇ ಎಣ್ಣೆ ಬಿಟ್ಟಿದೀನಿ. ಎಲ್ಲಿಗೆ ಬಿಡ್ತೀನಿ ಅಂತ ಒಂದು ದಿನ ನೋಡಿದ್ರಾ?”

ಒಂದು ಬೆರಳೂ ತಾಗಿಸಬಾರದವಳು ಹತ್ತೂ ಬೆರಳು ಹಾಕಿ ತಟ್ಟೆ ಎತ್ತಿದಳು. ಬೆಲ್ಟು ಕಳಚಿ, ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ತಿರುಗಿ ತೊಡಿಸಿದಳು. ಸೂಜಿಗೆ ದಾರ ಪೋಣಿಸುವ ಕೈ, ಒಂದಿಷ್ಟೂ ನಡುಗದೆ ಮುಳ್ಳನ್ನು ಇಳಿಸಿತು.

ಆಹಾ! ಗಾಯಕಿ ಗೋಡೆಯೊಳಗಿಂದ ನಡೆದು ಬಂದು ಕುರ್ಚಿ ಎಳೆದು ಕೂತ ಹಾಗಾಯಿತು. ಸಾಲು ಸಾಲಿನ ನಡುವೆ ಅವಳು ಉಸಿರೆಳೆದುಕೊಂಡದ್ದೂ ಕೇಳಿಸಿತು. ಟೈಲರಮ್ಮನಿಗೆ ರೋಮಾಂಚನ. ಯಾವಾಗಲೋ, ಎಲ್ಲೋ ಎಳೆದುಕೊಂಡ ಒಂದು ಉಸಿರು ತನ್ನ ಮನೆಯ ಹಾಲ್‌ನಲ್ಲಿ ಈಗ ಹೊರಬರುತ್ತಿದೆ!

ಅವಳಿಗೆ ಗುಂಡಿಗಳ ನೆನಪಾದದ್ದು ಎರಡನೇ ಹಾಡಿಗೆ. ಒಳಗೆ ಹೋಗಿ ಅಂಗಿಗಳ ರಾಶಿ ತಂದು ನಡುವೆ ಇಟ್ಟಳು.

“ಹಾಡು ಕೇಳೋಕೆ ಕಿವಿ ಸಾಕಲ್ಲ, ಸರ್? ಕೈಗಳು ಸುಮ್ಮನೆ ಕೂತಿವೆ.”

ದೊಡ್ಡ ಸಾಹೇಬರು ಎಂಥಾ ಮೋಡಿಯಲ್ಲಿದ್ದರೆಂದರೆ, ಕೈ ಚಾಚಿ ಸೂಜಿ ತೆಗೆದುಕೊಂಡರು. ಗುಮಾಸ್ತರು ಸಾಹೇಬರನ್ನು ಅನುಸರಿಸಿದರು. ಇನ್ಸ್‌ಪೆಕ್ಟರರು ಎಲ್ಲರನ್ನೂ ಅನುಸರಿಸಿದರು. ರೆಕಾರ್ಡು ಎರಡು ಸಲ ಮಗುಚಿ, ಇನ್ನೊಂದು ಹಾಕಿ, ಅದೂ ಮುಗಿಯುವಷ್ಟರಲ್ಲಿ ರಾಶಿಯಲ್ಲಿ ಉಳಿದದ್ದು ಒಂದೇ ಅಂಗಿ. ಅದು ಇನ್ಸ್‌ಪೆಕ್ಟರರ ತೊಡೆಯ ಮೇಲಿತ್ತು.

“ಅದ್ಭುತ, ತಾಯಿ!” ದೊಡ್ಡ ಸಾಹೇಬರು ಕೈಮುಗಿದು ಎದ್ದರು. “ಮುಂದಿನ ಭಾನುವಾರವೂ ಬರಬಹುದೇ?”

“ಖಂಡಿತ ಬನ್ನಿ, ಸರ್. ಕನ್ನಡಕ ಮರೀಬೇಡಿ. ಮುಂದಿನ ವಾರ ಪ್ಯಾಂಟು.”

ಇನ್ಸ್‌ಪೆಕ್ಟರರು ಏನೋ ಹೇಳಲು ಹೊರಟರು. ಆದರೆ ಬಾಯಲ್ಲಿ ದಾರವಿತ್ತು.